ಹಿತ್ತಾಳೆ ಕಡ್ಡಿ ಕೊಡಿಸಿದ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಮಂಗಳೂರು ಬಸ್ ಹತ್ತಿಬಿಟ್ಟಿರಿ. ಹಾಗಾಗಿ ಈ ಬಹಿರಂಗ ಧನ್ಯವಾದ. 91 ಮಿಲಿಮೀಟರಿನ ವಿಕ್ಟೋರಿನಾಕ್ಸ್ ಚಾಕುವಿಗೆ (ಹಲವು ಉಪಕರಣಗಳು ಮಡಚಿಕೊಳ್ಳುವ ಸ್ವಿಸ್ ಜೇಬುಚಾಕು) ಗರಗಸದ ಪದರವೊಂದನ್ನು ಸೇರಿಸಿದರೆ, ಪದರಗಳನ್ನು ಒಟ್ಟಿಗೆ ಹಿಡಿದಿಡುವ ಹಳೆಯ ರಿವೆಟ್‌ಗಳು ಗಿಡ್ಡವಾಗುತ್ತವೆ, ಉದ್ದನೆಯವು ಬೇಕು. ಕಾಸರಗೋಡಿನಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ನಗುವೇ ಉತ್ತರ. ಪಕ್ಕದಲ್ಲಿ ಮೊಳೆ ಕೊಳ್ಳುತ್ತಿದ್ದ ನೀವು, “ಮಾರಾಯರೇ, ರಿವೆಟ್ ಬಿಡಿ, ಗ್ಯಾಸ್ ವೆಲ್ಡಿಂಗಿನವರಲ್ಲಿ ಹಿತ್ತಾಳೆ ಕಡ್ಡಿ ಕೇಳಿ” ಎಂದಿರಿ. ಅಷ್ಟಕ್ಕೇ ಬಿಡದೆ ವರ್ಕ್‌ಶಾಪಿಗೆ ಕರೆದೊಯ್ದು, ಕಟ್ಟು ಬಿಚ್ಚಿಸಿ, ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿ, ಎಲ್ಲಿಯೂ ಬಾಗದ ಸಪೂರ ಕಡ್ಡಿಯನ್ನು ಆರಿಸಿದಿರಿ. (ವರ್ಕ್‌ಶಾಪಿನವರ ತಾಳ್ಮೆಗೂ ನಮಸ್ಕಾರ.) ಚಹಾಕ್ಕೂ ನಿಲ್ಲಲಿಲ್ಲ. ತುಸು ಅರದಿಂದ ಉಜ್ಜಿದ ಮೇಲೆ ಕಡ್ಡಿ ತೂತಿಗೆ ಬಿಗಿಯಾಗಿ ಕೂತಿತು. ಗರಗಸ ತಡೆಯಿಲ್ಲದೆ ತೆರೆಯುತ್ತಿದೆ. ಅರ್ಧ ಕಡ್ಡಿ ಉಳಿದಿದೆ, ನಿಮಗೆ ಬೇಕಿದ್ದರೆ ಖಂಡಿತ ತಿಳಿಸಿ.