ಹೆಸರು ಬರೆಯಬೇಡ ಎಂದ ಅಕ್ಕನಿಗೆ

ಅಕ್ಕಾ, ಹೆಸರು ಬರೆಯಬೇಡ ಅಂದಿರಿ, ಬರೆಯುತ್ತಿಲ್ಲ. ಆದರೆ ಥ್ಯಾಂಕ್ಸ್ ಹೇಳಬೇಡ ಅನ್ನಲಿಲ್ಲ, ಅಲ್ವಾ?

ಅಮೆರಿಕದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾ ಮೆಡಿಕಲ್‌ಗೆ ಅರ್ಜಿ ಹಾಕುತ್ತೇನೆ ಎಂದಾಗ ಮನೆಯವರಿಗೆ ಗಾಬರಿ. ಇಲ್ಲಿ ಡಿಗ್ರಿ ಯಾವುದಾದರೂ ಆಗಬಹುದು, ಬೇಕಾದ ಬಯಾಲಜಿ, ಕೆಮಿಸ್ಟ್ರಿ ಕೋರ್ಸ್‌ಗಳು ಮತ್ತು ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ ಮುಖ್ಯ ಎಂದು ಅಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದವರು ನೀವು. ಪಿಯುಸಿ ಮುಗಿದ ಕೂಡಲೇ ನೀಟ್ ಬರೆಯುವುದನ್ನೇ ನೋಡಿದವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ.

ನನ್ನ ಚಿಂತೆ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ ಬಗ್ಗೆ. ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಒಟ್ಟಾಗಿ ಹಾಕುವ ಆಮ್‌ಕಾಸ್ ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಎಂಜಿನಿಯರಿಂಗ್ ಕೋರ್ಸ್‌ಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ನೀವು ಇದನ್ನು ತೋರಿಸಿಕೊಟ್ಟ ದಿನ ಹೊಟ್ಟೆ ತುಂಬಾ ಊಟ ಮಾಡಿದೆ. (ಒಟ್ಟು ಜಿಪಿಎಯಲ್ಲಿ ಥರ್ಮೋಡೈನಾಮಿಕ್ಸ್ ಹಾಗೇ ಕೂತಿದೆ, ಬಿಡಿ.)

ಎಲ್ಲಕ್ಕಿಂತ ಜಾಸ್ತಿ ಋಣ ಅದೇ ಅರ್ಜಿಯಲ್ಲಿ ಡಾಕ್ಟರ್ ಯಾಕಾಗಬೇಕು ಎಂದು ಬರೆಯುವ ಪ್ರಬಂಧದ್ದು. ಇರುವುದೇ 5,300 ಅಕ್ಷರಗಳ ಜಾಗ, ಖಾಲಿ ಜಾಗವೂ ಅದರಲ್ಲೇ ಲೆಕ್ಕ. ನನ್ನ ಕರಡಿನ ತುಂಬಾ ಕೃತಕ ಮಂಡಿ ವಿನ್ಯಾಸ ಮಾಡಿದ ಪ್ರಾಜೆಕ್ಟೇ. ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು ಅಷ್ಟನ್ನೂ ಓದಿದಿರಿ. "ಮಂಡಿ ಚೆನ್ನಾಗಿದೆ ಕಣೋ, ಮಂಡಿ ನೋವಿರೋ ಮನುಷ್ಯ ಎಲ್ಲಿ?" ಎಂದು ಕೇಳಿದಿರಿ. ಕ್ಲಿನಿಕ್‌ನಲ್ಲಿ ಮೆಟ್ಟಿಲು ನೋಡಿದರೇ ಬೇಜಾರಾಗುತ್ತಿದ್ದ ಆ ಅಜ್ಜ ಆಗ ಬರಹದೊಳಗೆ ಬಂದರು.

ಈಗ ಒಂದೊಂದು ಕಾಲೇಜೂ ಬೇರೆಯಾಗಿ ಕಳಿಸುವ ಎರಡನೇ ಸುತ್ತಿನ ಸೆಕೆಂಡರಿ ಅರ್ಜಿಗಳು ಬರತೊಡಗಿವೆ. ಇನ್ನೂ ಕಾಟ ಕೊಡುತ್ತೇನೆ, ಫೋನ್ ಎತ್ತಿ.