ಹದ್ದಿಗೆ ಹಾರುವಷ್ಟು ಜಾಗ ಕೊಡೋಣ: ನಮ್ಮ ಶಾಲೆಯ ಮನವಿ

ಪ್ರೀತಿಯ ಪೋಷಕರೇ, ಹಳೆಯ ವಿದ್ಯಾರ್ಥಿಗಳೇ,

ನಮ್ಮ ಮೈದಾನದ ಮೂಲೆಯಲ್ಲಿರುವ ಮಳೆಮರ ನಿಮಗೆಲ್ಲ ನೆನಪಿರಬೇಕು. ಅದರ ನೆರಳಲ್ಲಿ ಕೂತು ಊಟದ ಡಬ್ಬಿ ಬಿಚ್ಚದವರು ಈ ಶಾಲೆಯಲ್ಲಿ ಯಾರೂ ಇಲ್ಲ. ಈ ಸಲದ ಆಷಾಢದಲ್ಲಿ ಒಂದು ಸೋಮವಾರ ಬೆಳಿಗ್ಗೆ, ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಿದ್ದಾಗ, ಅದೇ ಮರದಲ್ಲಿ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ಗಾಳಿಪಟದ ಮಾಂಜಾ, ಅಂದರೆ ಗಾಜಿನ ಪುಡಿ ಮೆತ್ತಿದ ಹರಿತವಾದ ದಾರ, ಎಡ ರೆಕ್ಕೆಗೆ ಸುತ್ತಿಕೊಂಡಿತ್ತು. ಹಿಂದಿನ ದಿನ ಭಾನುವಾರ, ಶಾಲೆಗೆ ರಜೆ. ಎಷ್ಟು ಹೊತ್ತಿನಿಂದ ಹಾಗೆ ಒದ್ದಾಡಿತ್ತೋ ಗೊತ್ತಿಲ್ಲ.

ಅಗ್ನಿಶಾಮಕ ದಳದವರು ಏಣಿ ಹಾಕಿ ಇಳಿಸಿಕೊಟ್ಟರು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ನಗರದ ಅಂಚಿನಲ್ಲಿರುವ ಹಕ್ಕಿಗಳ ಆರೈಕೆ ಕೇಂದ್ರಕ್ಕೆ ಆಟೋದಲ್ಲಿ ಒಯ್ದೆವು. ಮಧ್ಯಾಹ್ನ ನಾನು ಸ್ಟಾಫ್ ರೂಮಿಗೆ ವಾಪಸ್ಸು ಬಂದಾಗ ಎಂಟನೇ ತರಗತಿಯ ಮೂವರು ಹುಡುಗರು ಬಾಗಿಲಲ್ಲಿ ನಿಂತಿದ್ದರು. "ಮಿಸ್, ಅದು ನಮ್ಮ ದಾರ" ಅಂದರು.

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಅದು ಮಕ್ಕಳ ಕೈಗೆ ಸಿಗುತ್ತದೆ ಅಂದರೆ ತಪ್ಪು ದೊಡ್ಡವರದು. ನೈಲಾನ್ ದಾರ ಬೇಗ ಕೊಳೆಯುವುದಿಲ್ಲ. ಪಟ ಹರಿದು ಹೋದ ಮೇಲೂ ಮರದಲ್ಲಿ ಹಾಗೇ ಕಾದು ಕೂತಿರುತ್ತದೆ.

ಎರಡು ತಿಂಗಳ ನಂತರ ಎಂಟನೇ ತರಗತಿಯವರನ್ನು ಆ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಮೃಗಾಲಯದ ಹಾಗೆ ಪಂಜರದ ಮುಂದೆ ನಿಂತು ನೋಡುವ ಜಾಗ ಅಲ್ಲ ಅದು. ಗಾಯಗೊಂಡ ಹಕ್ಕಿಗೆ ಮನುಷ್ಯನ ಮುಖ ಕಂಡರೇ ಭಯ. ಹಾಗಾಗಿ ಪಂಜರಗಳ ಸುತ್ತ ಶೀಟು ಕಟ್ಟಿದ್ದಾರೆ. ಐದೈದು ಮಕ್ಕಳು, ಚಪ್ಪಲಿ ಬಿಟ್ಟು, ಮಾತಿಲ್ಲದೆ, ಒಂದು ಸಣ್ಣ ಕಿಂಡಿಯಲ್ಲಿ ಇಣುಕಬೇಕು. ನಮ್ಮ ಎಂಟನೇ ತರಗತಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹದ್ದಿನ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು ಐದು ಅಡಿ. ತೂಕ ಮಾತ್ರ ಸುಮಾರು ಮುಕ್ಕಾಲು ಕಿಲೋ ಅಷ್ಟೇ. ಮೂಳೆ ಅಷ್ಟು ಟೊಳ್ಳು, ಚರ್ಮ ಅಷ್ಟು ತೆಳು. ರೆಕ್ಕೆಯ ಮುಂದಿನ ಅಂಚಿನಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಚರ್ಮದ ಒಂದು ಪೊರೆ ಇದೆ. ಮಾಂಜಾ ಮೊದಲು ಕುಯ್ಯುವುದು ಅದನ್ನೇ. ಒಳಗಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತುಂಡಾಯಿತೋ, ಹಕ್ಕಿ ಮತ್ತೆ ಹಾರುವುದು ಕಷ್ಟ. ಹೊರಗಿನಿಂದ ಗಾಯ ಚಿಕ್ಕದಾಗಿಯೇ ಕಾಣಬಹುದು. ನಾಲ್ಕು ದಿನ ತಡವಾದರೆ ಚರ್ಮ ಒಣಗಿ ಸತ್ತಿರುತ್ತದೆ, ಹೊಲಿಯಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ಸಂಗತಿ ಮಕ್ಕಳ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಲ್ಲಿ ಗರಿಗಳನ್ನು ಎಸೆಯುವುದಿಲ್ಲ. ಎಡ, ಬಲ, ಎಷ್ಟನೇ ಗರಿ ಎಂದು ಬರೆದು ಕವರಿನಲ್ಲಿ ಇಟ್ಟಿರುತ್ತಾರೆ. ಮುರಿದ ಗರಿ ತಾನಾಗಿ ಉದುರಿ ಹೊಸದು ಬರಲು ಎಷ್ಟೋ ತಿಂಗಳು ಕಾಯಬೇಕು. ಅದಕ್ಕೇ ಮುರಿದ ಗರಿಯ ಬುಡಕ್ಕೆ ಬಿದಿರಿನ ಸಣ್ಣ ಕಡ್ಡಿ ತೂರಿಸಿ, ಅದೇ ಸ್ಥಾನದ ಇನ್ನೊಂದು ಗರಿಯನ್ನು ಅಂಟು ಹಾಕಿ ಜೋಡಿಸುತ್ತಾರೆ. "ರೆಕ್ಕೆಗೂ ತೇಪೆ ಹಾಕ್ತಾರಾ ಮಿಸ್?" ಎಂದು ಒಬ್ಬಳು ಕೇಳಿದಳು. ಹೌದು, ಹಾಕುತ್ತಾರೆ.

ನಮ್ಮ ಮಳೆಮರದ ಹದ್ದು ಬದುಕಿದೆ. ಗಾಯ ಮಾಗಿದೆ. ಆದರೆ ಹಾರುತ್ತಿಲ್ಲ. ವಾರಗಟ್ಟಲೆ ಸಣ್ಣ ಪಂಜರದಲ್ಲಿದ್ದ ಹಕ್ಕಿಯ ಎದೆಯ ಸ್ನಾಯು ಸೊರಗುತ್ತದೆ. ಆಕಾಶಕ್ಕೆ ಬಿಡುವ ಮೊದಲು ದೊಡ್ಡ ಪಂಜರದಲ್ಲಿ ದಿನವೂ ಆ ಕಡೆಯಿಂದ ಈ ಕಡೆಗೆ ಹಾರಿ ಅಭ್ಯಾಸ ಆಗಬೇಕು. ಅಂಥ ಪಂಜರ ಆ ಕೇಂದ್ರದಲ್ಲಿ ಇರುವುದು ಒಂದೇ. ನಮ್ಮ ಹದ್ದು ಸರದಿಯಲ್ಲಿದೆ. ಅದರ ಹಿಂದೆ ಬೇರೆ ಹದ್ದುಗಳಿವೆ, ಒಂದು ಗರುಡ ಇದೆ, ಎರಡು ಕಣಜದ ಗೂಬೆಗಳಿವೆ.

ಎರಡನೇ ಪಂಜರವನ್ನು ನಮ್ಮ ಶಾಲೆ ಕಟ್ಟಿಸಿಕೊಡಬೇಕು ಎಂದು ಅಧ್ಯಾಪಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ. 60 ಅಡಿ ಉದ್ದ, 20 ಅಡಿ ಅಗಲ, 15 ಅಡಿ ಎತ್ತರ. ಒಳಗೆ ಕಬ್ಬಿಣದ ಜಾಲರಿ ಇರಬಾರದು. ಹಕ್ಕಿ ಬಂದು ಅಪ್ಪಳಿಸಿದರೆ ಗರಿ ಮುರಿಯುತ್ತದೆ, ಕೊಕ್ಕಿನ ಬುಡ ತರಚುತ್ತದೆ. ನೆಟ್ಟಗೆ ನಿಲ್ಲಿಸಿದ ಬಿದಿರಿನ ಪಟ್ಟಿ, ಮೇಲೆ ಮೆತ್ತನೆಯ ಬಲೆ. ಕೂರುವ ಕೊಂಬೆಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಬೇಕು, ಇಲ್ಲದಿದ್ದರೆ ಪಾದದಲ್ಲಿ ಹುಣ್ಣಾಗುತ್ತದೆ. ಅಂದಾಜು ಖರ್ಚು 4,80,000 ರೂಪಾಯಿ. ಮಕ್ಕಳು ತಮ್ಮ ಹುಂಡಿ ಒಡೆದು, ಹಳೆ ಪೇಪರ್ ಮಾರಿ 11,340 ರೂಪಾಯಿ ತಂದುಕೊಟ್ಟಿದ್ದಾರೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಂಜರ ಕಟ್ಟಿದರಷ್ಟೇ ಸಾಲದು, ಆ ಹಕ್ಕಿಗಳಿಗೆ ಊಟ ಬೇಕು. ಅವುಗಳ ಊಟ ಅಂದರೆ ಮಾಂಸ, ಅದೂ ಮೂಳೆ ಸಮೇತ. ಬರೀ ಮೆತ್ತನೆ ಮಾಂಸ ತಿಂದು ಬೆಳೆದ ಮರಿಯ ಕಾಲು ಸೊಟ್ಟಗಾಗುತ್ತದೆ. ಹಾಲು, ಮೊಸರನ್ನ ಅವುಗಳಿಗೆ ಆಗುವುದಿಲ್ಲ. ಒಬ್ಬ ಪೋಷಕರು ನನ್ನ ಹತ್ತಿರ, "ಮಾಂಸಕ್ಕೆ ಅಂದ್ರೆ ನಮ್ಮ ಮನೆಯಲ್ಲಿ ಒಪ್ಪಲ್ಲ ಮೇಡಂ" ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅದಕ್ಕಾಗಿ ಎರಡು ರಸೀದಿ ಪುಸ್ತಕ ಇಟ್ಟಿದ್ದೇವೆ. ಒಂದು ಪಂಜರಕ್ಕೆ, ಇನ್ನೊಂದು ಆಹಾರ ಮತ್ತು ಔಷಧಿಗೆ. ಯಾವುದಕ್ಕೆ ಎಂದು ನೀವೇ ಹೇಳಿ. ಒಂದರ ಹಣ ಇನ್ನೊಂದಕ್ಕೆ ಹೋಗುವುದಿಲ್ಲ.

ಗೂಬೆ, ಹದ್ದು ಅಂದರೆ ಅಪಶಕುನ ಎನ್ನುವವರು ಇದ್ದಾರೆ. ಗರುಡ ಬಂದು ಮೇಲೆ ಸುತ್ತು ಹಾಕಿದ ಮೇಲೆಯೇ ತೇರು ಎಳೆಯುವ ಊರುಗಳೂ ನಮ್ಮಲ್ಲೇ ಇವೆ. ಆ ಕೇಂದ್ರದಲ್ಲಿ ಹದ್ದು, ಗರುಡ ಅಕ್ಕಪಕ್ಕದಲ್ಲಿವೆ. ಎರಡರ ರೆಕ್ಕೆಯನ್ನೂ ಸೀಳಿದ್ದು ಮಾಂಜಾ.

ಹಣ ಕೊಡಲು ಆಗದಿದ್ದರೆ ಬೇಸರ ಬೇಡ. ಹಳೆಯ ಟವೆಲ್, ಬೆಡ್‌ಶೀಟ್, ನ್ಯೂಸ್‌ಪೇಪರ್, ಗಟ್ಟಿ ರಟ್ಟಿನ ಪೆಟ್ಟಿಗೆ, ನಾರಿನ ಹಗ್ಗ ಇವೆಲ್ಲ ಅಲ್ಲಿಗೆ ಪ್ರತಿದಿನ ಬೇಕು. ನಿಮ್ಮ ಬೀದಿಯ ಮರದಲ್ಲಿ, ತಂತಿಯಲ್ಲಿ ದಾರ ಕಂಡರೆ ಕೈಗೆಟುಕುವಷ್ಟನ್ನು ಬಿಡಿಸಿ ತನ್ನಿ. ಕರೆಂಟಿನ ತಂತಿಯನ್ನು ಮಾತ್ರ ಯಾರೂ ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ. ಸಿಕ್ಕಿಕೊಂಡ ಹಕ್ಕಿ ಕಂಡರೆ ದಾರವನ್ನು ಎಳೆಯಬೇಡಿ. ಎರಡೂ ಕಡೆ ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ, ಬಟ್ಟೆ ಮುಚ್ಚಿ, ಕತ್ತಲಾದ ಪೆಟ್ಟಿಗೆಯಲ್ಲಿ ಇಡಿ. ಬಾಯಿಗೆ ನೀರು ಹಾಕಬೇಡಿ. ಅದರ ಉಗುರಿನಿಂದ ಹುಷಾರಾಗಿರಿ. ಮನೆಯಲ್ಲಿ ಸಾಕುವ ಯೋಚನೆ ಬೇಡ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಬೇಸಿಗೆ ಬಂದರೆ ಗೂಡಿನಿಂದ ಬಿದ್ದ ಮರಿಗಳು, ಬಿಸಿಲಿಗೆ ಬಳಲಿದ ಹಕ್ಕಿಗಳು ಸೇರಿ ಕೇಂದ್ರ ತುಂಬಿಹೋಗುತ್ತದೆ. ಅದಕ್ಕೆ ಮುಂಚೆ ಪಂಜರ ಮುಗಿಸಬೇಕು ಅನ್ನೋದು ನಮ್ಮ ಆಸೆ. ಶಾಲೆಯ ಕಚೇರಿ ಬೆಳಿಗ್ಗೆ 10ರಿಂದ ಸಂಜೆ 4.30ರವರೆಗೆ ತೆರೆದಿರುತ್ತದೆ. ಚೆಕ್ ಕೊಡುವುದಾದರೆ ಶಾಲೆಯ ಹೆಸರಿಗೆ ಬರೆಯಿರಿ. ಹತ್ತು ರೂಪಾಯಿ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ. ಪ್ರತಿ ಶನಿವಾರ ಬಂದ ಹಣ, ಆದ ಖರ್ಚು ಎರಡನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಆ ಲೆಕ್ಕ ಬರೆಯುವ ಕೆಲಸವನ್ನು ಆ ಮೂವರು ಹುಡುಗರೇ ಕೇಳಿ ತೆಗೆದುಕೊಂಡಿದ್ದಾರೆ.

ಶಾಲೆಯ ಪರವಾಗಿ,
ವಿಜ್ಞಾನ ಶಿಕ್ಷಕಿ