ಲಾಲ್‌ಬಾಗ್‌ನಲ್ಲಿ ನನ್ನ ಕಾಲು ಉಳಿಸಿದ ಅಮ್ಮನಿಗೆ

ಮೂರು ತಿಂಗಳ ಹಿಂದೆ, ಭಾನುವಾರ ಬೆಳಿಗ್ಗೆ, ಲಾಲ್‌ಬಾಗ್ ಕೆರೆ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. "ಏನಪ್ಪಾ, ಸಾಕ್ಸ್ ಮೇಲೆ ರಕ್ತ ಇದೆಯಲ್ಲ, ನೋವಾಗ್ತಿಲ್ವಾ?" ಅಂತ ನೀವು ಕೇಳಿದಿರಿ. ನನಗೆ ಏನೂ ಗೊತ್ತಾಗಿರಲಿಲ್ಲ. ಶೂ ಬಿಚ್ಚಿಸಿ ಕೊಡವಿಸಿದಿರಿ. ಹುಣಸೆ ಬೀಜದಷ್ಟು ದಪ್ಪದ ಕಲ್ಲು ಬಿತ್ತು. ಅದರ ಮೇಲೇ ಎರಡು ಸುತ್ತು ನಡೆದಿದ್ದೆ!

"ಶುಗರ್ ಇದೆಯಾ?" ಅಂದಿರಿ. ಹನ್ನೊಂದು ವರ್ಷದಿಂದ ಅಂದೆ. ನಿಮ್ಮ ಬಾಟಲಿ ನೀರಲ್ಲಿ ಗಾಯ ತೊಳೆಸಿ, ಕರ್ಚೀಫ್ ಕೊಟ್ಟು, ಇವತ್ತೇ ಡಾಕ್ಟರಿಗೆ ತೋರಿಸು ಅಂತ ಆಟೋ ಹತ್ತಿಸಿದಿರಿ. ಇಂಥದ್ದೇ ಸಣ್ಣ ಗಾಯದಿಂದ ನಿಮ್ಮ ಯಜಮಾನರ ಎರಡು ಬೆರಳು ಹೋದದ್ದನ್ನು ಹೇಳುವಾಗ ನಿಮ್ಮ ದನಿ ನಡುಗಿತು. ಹೆಸರು ಕೇಳೋಕೂ ನನಗೆ ತೋಚಲಿಲ್ಲ.

ಡಾಕ್ಟರ್ ಪಾದಕ್ಕೆ ನೈಲಾನ್ ಎಳೆ ಒತ್ತಿ ನೋಡಿದರು. ಹೆಬ್ಬೆರಳ ಕೆಳಗೆ ಸ್ಪರ್ಶವೇ ಇರಲಿಲ್ಲ. ಶುಗರ್ ಜಾಸ್ತಿ ಇದ್ದು ಇದ್ದು ನರ ಸೋತಿತ್ತು. ರಕ್ತದಲ್ಲಿ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟಿನಲ್ಲಿ 9.4 ಬಂತು, ತುಂಬಾ ಜಾಸ್ತಿ. ಖಾಲಿ ಹೊಟ್ಟೆ ಟೆಸ್ಟ್ ಒಂದನ್ನೇ ನಂಬಿ ಸುಮ್ನೆ ಇದ್ದೆ.

ಗಾಯ ವಾಸಿಯಾಗಿದೆ ಅಮ್ಮಾ. ತುಂಬಾ ಥ್ಯಾಂಕ್ಸ್. ಈಗ ದಿನಾ ರಾತ್ರಿ ಅಂಗಾಲಿಗೆ ಕನ್ನಡಿ ಹಿಡಿದು ನೋಡುತ್ತೇನೆ. ಬೆರಳ ಸಂದಿ ಒರೆಸುತ್ತೇನೆ. ಶೂ ಕೊಡವದೆ ಹಾಕೋದಿಲ್ಲ. ಕಣ್ಣಿನ ಪರೀಕ್ಷೆಯೂ ಆಯಿತು. ಭಾನುವಾರ ಅದೇ ಬೆಂಚಿನಲ್ಲಿ ಕೂರುತ್ತೇನೆ. ನಿಮ್ಮ ಕರ್ಚೀಫ್ ಒಗೆದು ಇಟ್ಟಿದ್ದೇನೆ.